ಇಂಧನ ಆಮದು ಅವಲಂಬನೆ: ಎರಡು ಪಟ್ಟಿಯಲ್ಲಿ ಎರಡು ಅಂಕಿ ಯಾಕೆ?

ಇಂಧನ ಆಮದು ಅವಲಂಬನೆ, ಅಂದರೆ ಬಳಸುವ ಇಂಧನದಲ್ಲಿ ಹೊರದೇಶದಿಂದ ತರಿಸುವ ಪಾಲು, ಭಾರತಕ್ಕೆ ಒಂದು ಪಟ್ಟಿಯಲ್ಲಿ ಶೇ 40ರ ಒಳಗೆ, ಇನ್ನೊಂದರಲ್ಲಿ ಶೇ 85ರ ಮೇಲೆ ಇದೆ, ಯಾವುದು ಸರಿ ಅಂತ ಕೇಳಿದ್ದೀರಿ. ಬಹುಶಃ ಎರಡೂ ಸರಿ, ಛೇದ ಬೇರೆ. 85 ದಾಟುವುದು ಕಚ್ಚಾ ತೈಲ ಒಂದರ ಲೆಕ್ಕ. ಇನ್ನೊಂದು ಕಲ್ಲಿದ್ದಲು, ಜಲವಿದ್ಯುತ್ ಎಲ್ಲ ಸೇರಿದ ಒಟ್ಟು ಇಂಧನದ್ದಿರಬೇಕು. ಅಡಿಟಿಪ್ಪಣಿ ನೋಡಿ ಖಚಿತಪಡಿಸಿಕೊಳ್ಳಿ.

ನೀವೇ ಲೆಕ್ಕ ಹಾಕುವಾಗ ಮೊದಲು ಎಲ್ಲ ಇಂಧನವನ್ನೂ ಒಂದೇ ಮಾನಕ್ಕೆ ತನ್ನಿ: 1 ಟನ್ ತೈಲ ಸಮಾನ (ಒಂದು ಟನ್ ತೈಲದಿಂದ ಸಿಗುವಷ್ಟು ಶಕ್ತಿ) ಅಂದರೆ 41.868 ಗಿಗಾಜೂಲ್. ಆಮೇಲೆ ಆಮದಿನಿಂದ ರಫ್ತು ಕಳೆಯಿರಿ. ಹೆಚ್ಚಿನವರು ಎಡವುವುದು ಇಲ್ಲೇ. ಕಚ್ಚಾ ತೈಲ ತರಿಸಿ, ಡೀಸೆಲ್ ಮಾಡಿ ಹೊರಗೂ ಮಾರುತ್ತೇವೆ. ಅದನ್ನು ಕಳೆಯದಿದ್ದರೆ ಅಂಕಿ ಉಬ್ಬುತ್ತದೆ. ಉಳಿದದ್ದನ್ನು ಒಟ್ಟು ಪೂರೈಕೆಯಿಂದ ಭಾಗಿಸಿ.

ಛೇದದಲ್ಲಿ ಸೌದೆ ಸೇರಿದೆಯೋ ನೋಡಿ. ನಿಮ್ಮ ವಿರಾಜಪೇಟೆ ಕಡೆ ತೋಟದ ಸಿಲ್ವರ್ ಓಕ್ ಕೊಂಬೆ ಬಚ್ಚಲೊಲೆಗೆ ಹೋಗುತ್ತದಲ್ಲ, ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ ಲೆಕ್ಕದಲ್ಲಿ ಅದೂ ಇಂಧನವೇ. ವಾಣಿಜ್ಯ ಇಂಧನ ಮಾತ್ರ ಎಣಿಸುವ ಪಟ್ಟಿಯಲ್ಲಿ ಅದಿಲ್ಲ, ಹಾಗಾಗಿ ಶೇಕಡಾವಾರು ಏರುತ್ತದೆ.

ಫ್ರಾನ್ಸ್ ಜೊತೆ ಹೋಲಿಸುವಾಗ ಹುಷಾರು. ಯುರೇನಿಯಂ ಹೊರಗಿನದಾದರೂ ಅಣುಶಕ್ತಿ ಸ್ವದೇಶಿ ಅಂತಲೇ ದಾಖಲಾಗುತ್ತದೆ. ಅದೂ ಶೇ 33 ದಕ್ಷತೆ ಹಿಡಿದು, ಅಂದರೆ 1 ಯೂನಿಟ್ ವಿದ್ಯುತ್ತಿಗೆ ಸುಮಾರು 3 ಯೂನಿಟ್ ಶಾಖ. ಜಲವಿದ್ಯುತ್ತಿಗೆ ಒಂದಕ್ಕೆ ಒಂದೇ. ನನ್ನ ಮಟ್ಟಿಗೆ ಇದು ಸ್ವಲ್ಪ ಅನ್ಯಾಯ.

ತೈಲ ದಾಸ್ತಾನಿಗೆ ಬೇರೆ ಕಾಲಂ ಇಡಿ. ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ ತೈಲ ಆಮದು ಮಾಡುವ ಸದಸ್ಯ ದೇಶಗಳಿಗೆ 90 ದಿನದ ನಿವ್ವಳ ಆಮದಿನಷ್ಟು ದಾಸ್ತಾನು ಕಡ್ಡಾಯ. ಮಂಗಳೂರು, ಪಾದೂರು, ವಿಶಾಖಪಟ್ಟಣದ ಭೂಗತ ಸಂಗ್ರಹಕ್ಕೆ ಹೇಳುವ 53.3 ಲಕ್ಷ ಟನ್ ಅನ್ನುವುದು ಸಾಮರ್ಥ್ಯ ಮಾತ್ರ, ತುಂಬಿರುವ ತೈಲವಲ್ಲ. ಕಂಪನಿಗಳ ದಾಸ್ತಾನನ್ನು ಪ್ರತ್ಯೇಕ ಸೇರಿಸಿ.