ಶ್ವಾಸಕೋಶದ ಶಸ್ತ್ರಚಿಕಿತ್ಸೆ: ಮೊದಲೇ ತಿಳಿಸಿದರೆ ಭಯ ಹೆಚ್ಚುವುದೇ?

ಪ್ರಶ್ನೆ: ನನ್ನ ತಂದೆಯವರಿಗೆ 64 ವರ್ಷ. ಗಡ್ಡೆಯ ಕಾರಣದಿಂದ ಅವರ ಬಲ ಶ್ವಾಸಕೋಶದ ಮೇಲಿನ ಹಾಲೆಯನ್ನು ತೆಗೆಯಬೇಕಾಗಿದೆ. ಹತ್ತು ದಿನ ಮೊದಲೇ ಕರೆತಂದರೆ ಎಲ್ಲವನ್ನೂ ವಿವರಿಸಿ, ಉಸಿರಾಟದ ವ್ಯಾಯಾಮ ಕಲಿಸುವುದಾಗಿ ಆಸ್ಪತ್ರೆಯವರು ಹೇಳಿದ್ದಾರೆ. ತಂದೆಯವರು ಈಗಾಗಲೇ ರಾತ್ರಿ ಸರಿಯಾಗಿ ನಿದ್ರಿಸುತ್ತಿಲ್ಲ. ಕೊಳವೆ, ಐಸಿಯು ಎಂದೆಲ್ಲ ಕೇಳಿದರೆ ಇನ್ನಷ್ಟು ಕುಗ್ಗುತ್ತಾರೆ, ಏನೂ ಹೇಳದೆ ಕರೆದೊಯ್ಯೋಣ ಎನ್ನುತ್ತಾನೆ ನನ್ನ ಅಣ್ಣ. ಯಾವುದು ಸರಿ?

ಉತ್ತರ: ನಿಮ್ಮ ಅಣ್ಣನ ಕಾಳಜಿ ಅರ್ಥವಾಗುತ್ತದೆ, ಆದರೆ ಅವರ ಸಲಹೆಯನ್ನು ಒಪ್ಪಲಾರೆ. ಯಾರೂ ಏನೂ ಹೇಳದಿರುವಾಗಲೇ ತಂದೆಯವರು ನಿದ್ರೆಗೆಟ್ಟಿದ್ದಾರೆ ಎಂಬುದನ್ನು ಗಮನಿಸಿ.

ಇಂಥ ರೋಗಿಗಳನ್ನು ಒಳಗೊಳಗೇ ಕಾಡುವ, ಆದರೆ ಬಾಯಿಬಿಟ್ಟು ಕೇಳಲು ಸಂಕೋಚಪಡುವ ಪ್ರಶ್ನೆಯೊಂದಿದೆ: ಶ್ವಾಸಕೋಶವನ್ನೇ ಕತ್ತರಿಸಿದ ಮೇಲೆ ಉಸಿರಾಡುವುದು ಹೇಗೆ? ಬಲಗಡೆ ಮೂರು, ಎಡಗಡೆ ಎರಡು, ಹೀಗೆ ಒಟ್ಟು ಐದು ಹಾಲೆಗಳಲ್ಲಿ ಒಂದನ್ನು ಮಾತ್ರ ತೆಗೆಯುತ್ತಾರೆ, ಉಳಿದವು ಹಿಗ್ಗಿ ಆ ಜಾಗವನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತವೆ, ಉಳಿಯುವ ಭಾಗ ಸಾಕಾಗುವುದೇ ಎಂದು ನೋಡುವುದಕ್ಕೇ ಉಸಿರಿನ ಪರೀಕ್ಷೆಗಳನ್ನು ಮಾಡಿಸಿರುತ್ತಾರೆ ಎಂದು ವೈದ್ಯರ ಬಾಯಿಂದಲೇ ಕೇಳಿದಾಗ ಮನಸ್ಸಿನ ಭಾರ ಎಷ್ಟೋ ಇಳಿಯುತ್ತದೆ.

ಇನ್ನು ನಿಮ್ಮ ಅಣ್ಣ ಹೆದರುತ್ತಿರುವ ಕೊಳವೆಯ ವಿಷಯ. ಎಚ್ಚರವಾದಾಗ ಪಕ್ಕೆಲುಬುಗಳ ನಡುವಿನಿಂದ ಹೊರಬಂದ ಕೊಳವೆಯೊಂದು ಸಾಮಾನ್ಯವಾಗಿ ಮಂಚದ ಬದಿಯ ಬಾಟಲಿಯನ್ನು ಸೇರಿರುತ್ತದೆ. ಅದರೊಳಗಿನ ನೀರು ಉಸಿರಿನೊಂದಿಗೆ ಏರಿಳಿಯುತ್ತದೆ, ಕೆಮ್ಮಿದಾಗ ಗುಳ್ಳೆಗಳೂ ಏಳಬಹುದು. ಮುಂಚೆ ತಿಳಿಯದವರಿಗೆ ಒಳಗೇನೋ ಒಡೆದುಹೋಗಿದೆ ಎನಿಸುತ್ತದೆ. ಎದೆಯೊಳಗೆ ಉಳಿದ ಗಾಳಿ ಮತ್ತು ದ್ರವ ಹೊರಹೋಗಿ ಶ್ವಾಸಕೋಶ ಮತ್ತೆ ಹಿಗ್ಗಲೆಂದೇ ಅದನ್ನು ಇಟ್ಟಿದ್ದಾರೆ ಎಂದು ತಿಳಿದವರು ಅದೇ ಗುಳ್ಳೆಗಳನ್ನು ನೋಡಿ ಗಾಬರಿಯಾಗುವುದಿಲ್ಲ, ನಡೆಯುವಾಗ ಬಾಟಲಿಯನ್ನು ಎದೆಯ ಮಟ್ಟಕ್ಕಿಂತ ಕೆಳಗೆ ಹಿಡಿಯಲೂ ಮರೆಯುವುದಿಲ್ಲ. ಅರಿವಳಿಕೆಯ ವೇಳೆ ಬಾಯಿಯ ಮೂಲಕ ಕೊಳವೆ ಇಳಿಸುವುದರಿಂದ ಗಂಟಲು ಕೆರೆಯುವುದು, ಶಸ್ತ್ರಚಿಕಿತ್ಸೆಯಾದ ಕಡೆಯ ಭುಜ ನೋಯುವುದು ಕೂಡ ಸಾಮಾನ್ಯ. ಹಾಗೆಂದು ನೋವನ್ನು ನುಂಗಿಕೊಂಡು ಮಲಗಬಾರದು, ನರ್ಸ್‌ಗೆ ಹೇಳಲೇಬೇಕು.

ಏಕೆಂದರೆ ನೋವಿಗೆ ಹೆದರಿದವರು ಮೇಲುಸಿರು ಮಾತ್ರ ಆಡುತ್ತಾರೆ, ಕೆಮ್ಮನ್ನು ತಡೆಹಿಡಿಯುತ್ತಾರೆ. ಆಗ ಕಫ ಒಳಗೇ ನಿಂತು ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ದಿಂಬನ್ನು ಗಾಯದ ಮೇಲೆ ಒತ್ತಿಹಿಡಿದು ಕೆಮ್ಮುವುದು, ಆಳವಾಗಿ ಉಸಿರೆಳೆದು ಕೆಲವು ಕ್ಷಣ ಹಿಡಿಯುವುದು, ಉಸಿರಿನ ವ್ಯಾಯಾಮದ ಸಾಧನವಾದ ಸ್ಪೈರೋಮೀಟರ್ ಬಳಸುವುದು ಇವನ್ನೆಲ್ಲ ನೋವೂ ಮಂಪರೂ ಆವರಿಸಿದ ಹೊತ್ತಿನಲ್ಲಿ ಹೊಸದಾಗಿ ಕಲಿಯುವುದು ಬಹಳ ಕಷ್ಟ. ಮೂರು ಚೆಂಡುಗಳಿರುವ ಆ ಪುಟ್ಟ ಸಾಧನವನ್ನು ಕೊಟ್ಟರೆ ಹಲವರು ಮೊದಲು ಊದಿಬಿಡುತ್ತಾರೆ. ಅದನ್ನು ನಿಧಾನವಾಗಿ ಒಳಕ್ಕೆ ಎಳೆಯಬೇಕು. ಈ ತಪ್ಪು ಮನೆಯಲ್ಲಿಯೇ ಆಗಿ, ಮನೆಯಲ್ಲಿಯೇ ತಿದ್ದಿಹೋಗಲಿ.

ಇದು ಕೇವಲ ಸಮಾಧಾನದ ಮಾತಲ್ಲ. 1964ರಲ್ಲಿ ಅಮೆರಿಕದ ಅರಿವಳಿಕೆ ತಜ್ಞ ಎಗ್ಬರ್ಟ್ ಮತ್ತು ಸಹೋದ್ಯೋಗಿಗಳು 97 ರೋಗಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಎಂಥ ನೋವು ಬರುತ್ತದೆ, ಅದನ್ನು ಹೇಗೆ ನಿಭಾಯಿಸಬೇಕು ಎಂದು ಮೊದಲೇ ತಿಳಿಸಿ ಧೈರ್ಯ ತುಂಬಿದವರಿಗೆ ಮಾದಕ ನೋವುನಿವಾರಕಗಳು ಸುಮಾರು ಅರ್ಧದಷ್ಟೇ ಬೇಕಾದವು, ಅವರು ಸರಾಸರಿ 2.7 ದಿನ ಮುಂಚೆ ಮನೆಗೂ ಹೋದರು. ಅವು ಹೊಟ್ಟೆಯ ಶಸ್ತ್ರಚಿಕಿತ್ಸೆಗಳಾಗಿದ್ದವು, ಶ್ವಾಸಕೋಶಕ್ಕೆ ಅವೇ ಅಂಕಿಗಳನ್ನು ಅನ್ವಯಿಸುವಂತಿಲ್ಲ. ಆದರೆ ಎದೆಯ ಶಸ್ತ್ರಚಿಕಿತ್ಸಕರ ಯುರೋಪಿನ ಸಂಘವೂ, ಶಸ್ತ್ರಚಿಕಿತ್ಸೆಯ ನಂತರದ ಚೇತರಿಕೆಯನ್ನು ಸುಧಾರಿಸಲು ದುಡಿಯುವ ಇರಾಸ್ ಸೊಸೈಟಿಯೂ 2019ರಲ್ಲಿ ಶ್ವಾಸಕೋಶದ ಶಸ್ತ್ರಚಿಕಿತ್ಸೆಗೆಂದೇ ಜಂಟಿಯಾಗಿ ಹೊರತಂದ ಮಾರ್ಗಸೂಚಿಯಲ್ಲಿ ಇಂಥ ಪೂರ್ವಭಾವಿ ಸಮಾಲೋಚನೆಯನ್ನು ಶಿಫಾರಸು ಮಾಡಿವೆ.

ಅಣ್ಣನ ಮಾತಿನಲ್ಲಿಯೂ ಒಂದು ಸತ್ಯಾಂಶವಿದೆ. ಎಲ್ಲರಿಗೂ ಎಲ್ಲ ವಿವರ ಬೇಕಾಗುವುದಿಲ್ಲ. ಎಷ್ಟು ತಿಳಿಯಬೇಕು ಎಂದು ತಂದೆಯವರನ್ನೇ ಕೇಳಿ. ಶಸ್ತ್ರಚಿಕಿತ್ಸೆಯ ವಿಡಿಯೋಗಳನ್ನು ತೋರಿಸುವ ಅಗತ್ಯವಿಲ್ಲ. ಅವರು ಏನನ್ನು ಕಾಣುತ್ತಾರೆ, ಏನು ಅನುಭವಿಸುತ್ತಾರೆ, ಏನು ಮಾಡಬೇಕು ಎಂಬಷ್ಟು ತಿಳಿದರೆ ಸಾಕು. ನೀವೂ ಜೊತೆಗೆ ಹೋಗಿ, ಭಯದಲ್ಲಿ ಕೇಳಿದ್ದು ಅರ್ಧ ಮರೆತುಹೋಗುತ್ತದೆ. ಮನೆಗೆ ಬಂದ ಮೇಲೆ ಅವರ ಮಾತಿನಲ್ಲಿಯೇ ಒಮ್ಮೆ ಹೇಳಿಸಿ, ತಪ್ಪು ತಿಳಿದದ್ದು ಆಗ ಹೊರಬರುತ್ತದೆ. ಇಷ್ಟಾದರೂ ನಿದ್ರೆ ಬಾರದಿದ್ದರೆ ಅರಿವಳಿಕೆ ತಜ್ಞರಿಗೆ ತಿಳಿಸಿ.

ಪ್ರಶ್ನೆ: ನನಗೂ ಇಂಥದೇ ಶಸ್ತ್ರಚಿಕಿತ್ಸೆಗೆ ಎರಡು ವಾರ ಉಳಿದಿದೆ. ಈಗ ಸಿಗರೇಟು ಬಿಟ್ಟರೆ ಕಫ ಹೆಚ್ಚಿ ತೊಂದರೆಯಾಗುತ್ತದೆ ಎನ್ನುತ್ತಾರಲ್ಲ?

ಉತ್ತರ: ಇಂದೇ ಬಿಡಿ. ಕನಿಷ್ಠ ನಾಲ್ಕು ವಾರ ಮೊದಲು ಬಿಡಬೇಕೆಂಬುದು ಮೇಲಿನ ಮಾರ್ಗಸೂಚಿಯ ಸಲಹೆ ನಿಜ, ಆದರೆ ತಡವಾಗಿ ಬಿಟ್ಟವರಿಗೆ ಅದರಿಂದಲೇ ಹಾನಿಯಾಗುತ್ತದೆ ಎಂಬ ಹಳೆಯ ನಂಬಿಕೆಗೆ ಅಧ್ಯಯನಗಳ ಬೆಂಬಲ ದೊರೆತಿಲ್ಲ. ರಕ್ತದಲ್ಲಿನ ಕಾರ್ಬನ್ ಮಾನಾಕ್ಸೈಡ್ ಒಂದೆರಡು ದಿನಗಳಲ್ಲಿಯೇ ಇಳಿದು, ಆಮ್ಲಜನಕವನ್ನು ಒಯ್ಯುವ ಶಕ್ತಿ ಸುಧಾರಿಸುತ್ತದೆ. ಕೊನೆಯ ಸಿಗರೇಟು ಯಾವಾಗ ಸೇದಿದಿರಿ ಎಂಬುದನ್ನು ವೈದ್ಯರಿಂದ ಮುಚ್ಚಿಡಬೇಡಿ. ಬಿಡಲು ಕಷ್ಟವಾದರೆ ನಿಕೋಟಿನ್ ಪಟ್ಟಿ ಅಥವಾ ಚೂಯಿಂಗ್ ಗಮ್ ನಿಮಗೆ ಆಗಿಬರುತ್ತದೆಯೇ ಎಂದು ಅವರನ್ನೇ ಕೇಳಿ.