ಹಿಮದ ಬಿರುಗಾಳಿ ಬಂದರೆ ಕೇದಾರಕಾಂತದಲ್ಲಿ ಹಿಮಕುಸಿತದ ಅಪಾಯ ಎಷ್ಟು?

ಮಂಡ್ಯದಿಂದ ನಾಲ್ಕು ಜನ ಗೆಳೆಯರು ಜನವರಿಯಲ್ಲಿ ಉತ್ತರಾಖಂಡದ ಕೇದಾರಕಾಂತ ಶಿಖರಕ್ಕೆ ಟ್ರೆಕ್ ಹೊರಟಿದ್ದೀರಿ. ಅದೇ ವಾರ ಜೋರು ಹಿಮ ಬೀಳುವ ಮುನ್ಸೂಚನೆ ಇದೆ, ಹೋಗಬಹುದಾ ಅಂತ ಕೇಳಿದ್ದೀರಿ. ಪ್ರತಿ ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಿದ್ದೇವೆ, ಅಷ್ಟು ಸಾಕಾ ಅಂತಲೂ ಕೇಳಿದ್ದೀರಿ.

ಮೆಟ್ಟಿಲು ಹತ್ತೋದು ಬಿಡಬೇಡಿ, ಕಾಲಿಗೂ ಉಸಿರಿಗೂ ಒಳ್ಳೆಯದು. ಆದರೆ ಹಿಮ ಕುಸಿಯುವಾಗ ನಿಮ್ಮ ಫಿಟ್‌ನೆಸ್ ಲೆಕ್ಕಕ್ಕೇ ಬರುವುದಿಲ್ಲ. ದೊಡ್ಡ ಕುಸಿತ ಗಂಟೆಗೆ 100 ಕಿ.ಮೀ. ವೇಗ ದಾಟುತ್ತದೆ, ಓಡಿ ತಪ್ಪಿಸಿಕೊಳ್ಳುವ ಮಾತೇ ಇಲ್ಲ.

ಹೋಗಬಹುದು. ಆದರೆ ವಾಪಸ್ ಟಿಕೆಟ್ ಎರಡು ದಿನ ತಡವಾಗಿ ಮಾಡಿಸಿ. ನನ್ನ ಉತ್ತರದಲ್ಲಿ ಮುಖ್ಯವಾದದ್ದು ಇದೇ.

ಯಾಕೆ ಅಂದರೆ, ಅಪಾಯ ಹಿಮ ಬೀಳುವಾಗ ಮಾತ್ರ ಇರುವುದಿಲ್ಲ. ಬಿರುಗಾಳಿ ನಿಂತ ಮೇಲಿನ ಒಂದೆರಡು ದಿನವೂ ಅಷ್ಟೇ ಕೆಟ್ಟದ್ದು. ಬೆಳಗ್ಗೆ ಎದ್ದರೆ ನೀಲಿ ಆಕಾಶ, ಒಳ್ಳೆ ಬಿಸಿಲು, ಫೋಟೋಗೆ ಹೇಳಿ ಮಾಡಿಸಿದ ದಿನ. ನಮ್ಮ ಕಡೆಯವರಿಗೆ ರಜೆ ಮುಗಿಯುತ್ತಿರುತ್ತದೆ, ಡೆಹ್ರಾಡೂನ್‌ನಿಂದ ಫ್ಲೈಟ್ ಬುಕ್ ಆಗಿರುತ್ತದೆ. 'ಇವತ್ತು ಹತ್ತಲೇಬೇಕು' ಅಂತ ಗೈಡ್ ಮೇಲೆ ಒತ್ತಡ ಹಾಕುತ್ತಾರೆ. ಆದರೆ ಹೊಸ ಹಿಮ ಕೆಳಗಿನ ಹಳೆ ಹಿಮಕ್ಕೆ ಇನ್ನೂ ಅಂಟಿಕೊಂಡಿರುವುದೇ ಇಲ್ಲ.

ಉತ್ತರಕಾಶಿಯಲ್ಲಿ ಪರ್ವತಾರೋಹಣದ ಕೋರ್ಸ್ ಮಾಡುವಾಗ ನಮ್ಮ ಇನ್‌ಸ್ಟ್ರಕ್ಟರ್ ಇದನ್ನು ಕಣ್ಣಾರೆ ತೋರಿಸಿದ್ದರು. ಸಲಿಕೆಯಲ್ಲಿ ಎದೆಯುದ್ದ ಗುಂಡಿ ತೋಡಿ, ಅದರ ಗೋಡೆಯನ್ನು ನೀಟಾಗಿ ಕೆತ್ತಿದರು. ಮೇಲೆ ಗಾಳಿ ಬಡಿದು ಗಟ್ಟಿಯಾದ ಪದರ. ಅದರ ಕೆಳಗಿನ ಪದರಕ್ಕೆ ಬೆರಳು ಹಾಕಿದರೆ ಹರಳು ಹರಳಾಗಿ ಉದುರಿತು, ಥೇಟ್ ಸಕ್ಕರೆ. ಮುಷ್ಟಿಯಲ್ಲಿ ಒತ್ತಿದರೂ ಉಂಡೆ ಕಟ್ಟಲಿಲ್ಲ. ಸಕ್ಕರೆ ನಾಡಿನವರಿಗೆ ಇದಕ್ಕಿಂತ ಜಾಸ್ತಿ ವಿವರಿಸಬೇಕಾ? ಅಂಥ ಹರಳಿನ ಮೇಲೆ ಕೂತ ಗಟ್ಟಿ ಪದರಕ್ಕೆ ಒಬ್ಬ ಮನುಷ್ಯನ ಭಾರ ಬಿದ್ದರೂ ಸಾಕು, ಇಡೀ ಇಳಿಜಾರು ಒಂದೇ ಹಲಗೆಯಾಗಿ ಜಾರುತ್ತದೆ. ಸಿಕ್ಕಿಹಾಕಿಕೊಂಡವರಲ್ಲಿ ಬಹುತೇಕರು ತಾವೇ ಅಥವಾ ಜೊತೆಯವರೇ ಕುಸಿತ ಶುರು ಮಾಡಿರುತ್ತಾರೆ.

ಹೀಗೆ ಜಾರುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಫೋನಿನಲ್ಲಿ ಕೋನ ಅಳೆಯುವ ಆಪ್ ಇರುತ್ತದೆ, ಇಲ್ಲೇ ಬೆಟ್ಟದಲ್ಲಿ ಅಳೆದು ಕಣ್ಣಿಗೆ ಅಭ್ಯಾಸ ಮಾಡಿಕೊಳ್ಳಿ. ನೀವು ಸಪಾಟು ಜಾಗದಲ್ಲಿದ್ದರೂ ತಲೆ ಮೇಲೆ ಅಂಥ ಇಳಿಜಾರಿದ್ದರೆ ಅಲ್ಲಿ ಟೆಂಟ್ ಬೇಡ, ಊಟಕ್ಕೆ ಕೂರುವುದೂ ಬೇಡ. ಕಾಲಿಟ್ಟಾಗ ಹಿಮದ ಒಳಗಿಂದ 'ದಬ್' ಅಂತ ಸದ್ದು ಬಂದರೆ, ಅಥವಾ ಕಾಲಿನ ಮುಂದೆ ಬಿರುಕು ಓಡಿದರೆ, ಚರ್ಚೆ ಮಾಡದೆ ಬಂದ ದಾರಿಯಲ್ಲೇ ವಾಪಸ್ ಬನ್ನಿ.

ಕೇದಾರಕಾಂತದ ವಿಷಯಕ್ಕೆ ಬಂದರೆ, ಟ್ರೆಕ್ ಶುರುವಾಗುವ ಸಾಂಕ್ರಿ ಹಳ್ಳಿಯಿಂದ ಮೇಲಿನ ದಾರಿ ಬಹಳಷ್ಟು ಕಾಡಿನೊಳಗೇ ಇದೆ. ಚಳಿಗಾಲದ ಟ್ರೆಕ್‌ಗಳಲ್ಲಿ ಇದು ಸುಲಭದ್ದೇ. ಸುಮಾರು 12,500 ಅಡಿಯ ಶಿಖರಕ್ಕೆ ಹತ್ತುವ ಕೊನೆಯ ಬಯಲು ಏರು ಇದೆಯಲ್ಲ, ಜೋರು ಹಿಮ ಬಿದ್ದ ಮೇಲೆ ಅದೊಂದನ್ನು ಬಿಟ್ಟುಬಿಡಿ. ದಾರಿಯಲ್ಲಿ ಸಿಗುವ ಜೂಡಾ ಕಾ ತಾಲಾಬ್ ಅನ್ನೋ ಕೆರೆಯ ಹತ್ತಿರ ಕ್ಯಾಂಪ್ ಹಾಕಿ ಕೂತರೂ ಹಿಮ ನೋಡಿದ ಹಾಗೇ ಆಯ್ತು ಅಲ್ವಾ?

ಹಿಮದಡಿ ಸಿಕ್ಕವರನ್ನು 15 ನಿಮಿಷದೊಳಗೆ ತೆಗೆದರೆ ಹೆಚ್ಚಿನವರು ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಆಸೆ ತೀರಾ ಕಮ್ಮಿ. ಅಂದರೆ ಹೊರಗಿನ ಸಹಾಯ ಬರುವಷ್ಟು ಹೊತ್ತೇ ಇರುವುದಿಲ್ಲ, ಜೊತೆಯವರೇ ತೋಡಬೇಕು. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮದಡಿ ಸಿಕ್ಕ ಯೋಧ ಹನುಮಂತಪ್ಪ ಕೊಪ್ಪದ ಅವರು ಆರು ದಿನದ ಮೇಲೆ ಜೀವಂತ ಸಿಕ್ಕಿದ್ದರಲ್ಲ ಅಂತ ಯಾರಾದರೂ ಹೇಳಬಹುದು. ಅದು ಪವಾಡವೇ. ಅವರೂ ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದೇ ಕುಸಿತದಲ್ಲಿ ಹೋದ ಉಳಿದ ಒಂಬತ್ತು ಜನರಲ್ಲಿ ನಮ್ಮ ಎಚ್.ಡಿ. ಕೋಟೆ ತಾಲ್ಲೂಕಿನ ಸಿಪಾಯಿ ಮಹೇಶ್ ಕೂಡ ಇದ್ದರು.

ಇನ್ನೊಂದು ಮಾತು. ಹಿಮ ಕುಸಿಯದಿದ್ದರೂ ಬಿರುಗಾಳಿಯೇ ಸಾಕು ಜೀವ ತೆಗೆಯೋಕೆ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ ಹೋಗಿದ್ದ, ಕರ್ನಾಟಕದವರೇ ಹೆಚ್ಚಿದ್ದ 22 ಜನರ ತಂಡದಲ್ಲಿ ಒಂಬತ್ತು ಮಂದಿ ಗಾಳಿ, ಚಳಿಗೆ ಸಿಕ್ಕಿ ಸತ್ತರು. ಅದೂ ಬೇಸಿಗೆಯಲ್ಲಿ! ಹಾಗಾಗಿ ಒದ್ದೆಯಾಗದ ಜಾಕೆಟ್ಟು, ಒಂದು ಜೊತೆ ಹೆಚ್ಚುವರಿ ಕೈಗವಸು ಮರೆಯಬೇಡಿ. ಜೀನ್ಸ್ ಮಾತ್ರ ಮನೆಯಲ್ಲೇ ಇರಲಿ.

ಕೊನೆಗೆ, ದುಡ್ಡು ಕಟ್ಟುವ ಮುಂಚೆ ಟ್ರೆಕ್ ಕಂಪನಿಗೆ ಫೋನ್ ಮಾಡಿ ಕೇಳಿ: 'ಜೋರು ಹಿಮ ಬಿದ್ದರೆ ಶಿಖರ ಬಿಟ್ಟು ಕೆಳಗೆ ಕರೆದುಕೊಂಡು ಬರುತ್ತೀರಾ? ಅದನ್ನು ಯಾರು ತೀರ್ಮಾನ ಮಾಡುತ್ತಾರೆ?' 'ಏನೂ ಆಗಲ್ಲ ಸಾರ್, ಸಮ್ಮಿಟ್ ಪಕ್ಕಾ' ಅಂದರೆ, ಸುಮ್ನೆ ಫೋನ್ ಇಟ್ಟು ಬೇರೆಯವರನ್ನು ಹುಡುಕಿ.