ಮೊಳಕಾಲ್ಮೂರು ಕಡೆಗೆ ಬರುತ್ತಿರುವ ಮೇಡಂಗೆ

ತೀರ್ಥಹಳ್ಳಿಯಿಂದ ಮೊಳಕಾಲ್ಮೂರು ತಾಲ್ಲೂಕಿನ ಸರ್ಕಾರಿ ಹೈಸ್ಕೂಲಿಗೆ ಪೋಸ್ಟಿಂಗ್ ಆಗಿದೆ, ಅಲ್ಲಿ ಪೋಷಕರು ಮಕ್ಕಳ ಓದಿಗೆ ಸಹಕಾರ ಕೊಡ್ತಾರಾ ಅಂತ ಕೇಳಿದ್ದೀರಿ, ಮೇಡಂ. ಕೊಡ್ತಾರೆ. ಆದರೆ ಸಭೆಗೆ ಬನ್ನಿ ಅಂತ ಚೀಟಿ ಕಳಿಸಿದರೆ ನಾಲ್ಕೇ ಜನ ಬರಬಹುದು. ಅಷ್ಟು ನೋಡಿ ಇವರಿಗೆ ಕಾಳಜಿಯೇ ಇಲ್ಲ ಅಂದುಕೊಂಡು ವರ್ಗ ಮಾಡಿಸಿಕೊಂಡು ಹೋದ ಶಿಕ್ಷಕರಿದ್ದಾರೆ. ನೀವು ಹಾಗೆ ಹೋಗಬಾರದು ಅಂತ ನನಗೆ ಆಸೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ಮಾತಿನ ವಿಷಯ. ನಮಗೆ ಜಿಲ್ಲಾ ಕೇಂದ್ರ ಚಿತ್ರದುರ್ಗಕ್ಕಿಂತ ಆಂಧ್ರದ ರಾಯದುರ್ಗ ಹತ್ತಿರ. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದಾಗ ರಾಯದುರ್ಗ ಆ ಕಡೆಯೇ ಉಳಿಯಿತು. ಹೆಣ್ಣು ಕೊಡುವುದು, ತರುವುದು ಇವತ್ತಿಗೂ ಎರಡೂ ಕಡೆ ಇದೆ. ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಓದು ಕನ್ನಡ. ನಿಮ್ಮ ಮುಂದೆ ಕೂರುವ ಮಗು ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆ ಅಂತ 125 ಅಂಕಕ್ಕೆ ಬರೆಯುವ ಕನ್ನಡ, ಅದರ ಮನೆಯಲ್ಲಿ ಪ್ರಥಮ ಭಾಷೆ ಅಲ್ಲದೇ ಇರಬಹುದು.

ಒಂದು ಉದಾಹರಣೆ ಹೇಳುತ್ತೇನೆ. ತೆಲುಗಿನಲ್ಲಿ ಅಕ್ಕ ಬಂದರೂ 'ವಚ್ಚಿಂದಿ', ಬಸ್ಸು ಬಂದರೂ 'ವಚ್ಚಿಂದಿ'. ಹಾಗಾಗಿ ನಮ್ಮ ಮಕ್ಕಳು 'ಅಕ್ಕ ಮನೆಗೆ ಬಂದಿತು' ಅಂತ ಬರೆದುಬಿಡುತ್ತಾರೆ. ಕೆಂಪು ಪೆನ್ನಿನಲ್ಲಿ ಗೀಟು ಎಳೆದರೆ ಮಗುವಿಗೆ ತಪ್ಪು ಏನು ಅಂತಲೇ ಗೊತ್ತಾಗುವುದಿಲ್ಲ. ನಮ್ಮೂರಿನ ಕನ್ನಡ ಮೇಷ್ಟ್ರು ಏನು ಮಾಡ್ತಿದ್ರು ಗೊತ್ತಾ? ಮೊದಲು ತೆಲುಗಿನಲ್ಲೇ ಹೇಳು ಅನ್ನುತ್ತಿದ್ದರು. ಆಮೇಲೆ ಎರಡನ್ನೂ ಬೋರ್ಡ್ ಮೇಲೆ ಅಕ್ಕಪಕ್ಕ ಬರೆದು, ಕನ್ನಡದಲ್ಲಿ ಅಕ್ಕನಿಗೇ ಬೇರೆ, ಬಸ್ಸಿಗೇ ಬೇರೆ ಅಂತ ತೋರಿಸುತ್ತಿದ್ದರು. ನಾನು ಅವರ ಹತ್ತಿರವೇ ಕಲಿತವನು. ಮನೆಯ ಮಾತು ಅಡ್ಡಿ ಅಂತ ಅವರು ಒಂದು ದಿನವೂ ಅನ್ನಲಿಲ್ಲ.

ಪೋಷಕರ ಸಭೆಗೂ ಇದೇ ದಾರಿ. ಕೆಲವು ವರ್ಷದ ಹಿಂದೆ ನಮ್ಮ ಶಾಲೆಗೆ ಬಂದ ಹೆಡ್‌ಮಾಸ್ಟರ್‌ಗೆ ತೆಲುಗು ಬರುತ್ತಿರಲಿಲ್ಲ. ಮೊದಲ ಸಭೆಯಲ್ಲಿ ಅವರು ಅರ್ಧ ಗಂಟೆ ಮಾತಾಡಿದರು. ತಾಯಂದಿರು ಸೆರಗು ಸರಿಮಾಡಿಕೊಳ್ಳುತ್ತಾ ಸುಮ್ನೆ ಕೂತಿದ್ದರು. ಎರಡನೇ ಸಭೆಗೆ ಅವರು ಬಿಸಿಯೂಟದ ಅಕ್ಕನನ್ನು ಅಡುಗೆ ಮನೆಯಿಂದ ಕರೆಸಿದರು. ಆಯಮ್ಮ ಕೈಯಲ್ಲಿದ್ದ ಸೌಟನ್ನೂ ಇಡದೆ ಬಂದು ನಿಂತರು. ಹೆಡ್‌ಮಾಸ್ಟರ್ ಒಂದು ಮಾತು ಹೇಳುವುದು, ಅಕ್ಕ ಅದನ್ನು ತೆಲುಗಿನಲ್ಲಿ ಹೇಳುವುದು. 'ಮೂಡು ನೆಲಲು ಪಿಲ್ಲನಿ ಚೇನಿಕಿ ಪಂಪೊದ್ದಮ್ಮಾ.' ಮೂರು ತಿಂಗಳು ಹುಡುಗೀನ ಹೊಲಕ್ಕೆ ಕಳಿಸಬೇಡ್ರಮ್ಮ ಅಂತ. ಆಗ ಹಿಂದಿನಿಂದ ಒಬ್ಬ ತಾಯಿ ಎದ್ದು ನಿಂತು, ಹಾಗಾದರೆ ಶೇಂಗಾ ಕಾಯಿ ಯಾರು ಬಿಡಿಸ್ತಾರೆ ಅಂತ ಕೇಳಿದರು. ಅಷ್ಟು ದಿನ ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ. ನನ್ನ ಪ್ರಕಾರ ನಮ್ಮ ಶಾಲೆಯ ನಿಜವಾದ ಪೋಷಕರ ಸಭೆ ಶುರುವಾಗಿದ್ದು ಆವತ್ತು.

ಆ ತಾಯಿ ಕೇಳಿದ್ದರಲ್ಲಿ ತಪ್ಪೇನಿಲ್ಲ. ಇದು ಮಳೆ ತೀರಾ ಕಡಿಮೆ ಇರುವ ಸೀಮೆ, ಮೇಡಂ. ನಿಮ್ಮ ಕಡೆ ಒಂದು ವಾರದಲ್ಲಿ ಸುರಿಯುವುದಕ್ಕೆ ನಾವು ತಿಂಗಳುಗಟ್ಟಲೆ ಕಾಯುತ್ತೇವೆ. ವರ್ಷಕ್ಕೆ ಒಂದು ಶೇಂಗಾ ಬೆಳೆ. ಅಕ್ಟೋಬರ್, ನವೆಂಬರ್‌ನಲ್ಲಿ ಬಳ್ಳಿ ಕಿತ್ತು, ಒಣಗಿಸಿ, ಕಾಯಿ ಬಿಡಿಸಬೇಕು. ನಡುವೆ ಒಂದು ಮಳೆ ಬಿದ್ದರೆ ಕಾಯಿ ಕಪ್ಪಾಗಿ ರೇಟು ಬಿದ್ದುಹೋಗುತ್ತದೆ. ಆಗ ಮನೆಯ ಎಲ್ಲ ಕೈಯೂ ಬೇಕು, ಹತ್ತನೇ ಕ್ಲಾಸಿನ ಹುಡುಗಿಯದೂ. ಹಾಜರಾತಿ ಪುಸ್ತಕದಲ್ಲಿ ಆ ತಿಂಗಳು ಖಾಲಿ ಖಾಲಿ ಕಂಡರೆ ಬೈಯಬೇಡಿ, ದಯವಿಟ್ಟು.

ಆ ಸಭೆಯಲ್ಲಿ ಒಂದು ದಾರಿ ಸಿಕ್ಕಿತು. ಹೊಲದ ಕೆಲಸಕ್ಕೆ ನಮ್ಮಲ್ಲಿ ಮುಯ್ಯಾಳು ಅಂತ ಇದೆ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು, ಕೂಲಿ ಇಲ್ಲ. ಎಸ್ಸೆಸ್ಸೆಲ್ಸಿ ಮಕ್ಕಳಿರುವ ಮನೆಗಳು ತಮ್ಮತಮ್ಮಲ್ಲೇ ಮುಯ್ಯಿ ಹಾಕಿಕೊಂಡವು. ಮಗುವಿನ ಬದಲಿಗೆ ಚಿಕ್ಕಪ್ಪನೋ ಅತ್ತೆಯೋ ಹೋಗುತ್ತಾರೆ. ಎಲ್ಲ ಮನೆಯೂ ಸೇರಲಿಲ್ಲ. ಸ್ವಂತ ಹೊಲ ಇಲ್ಲದೆ ಕೂಲಿಯನ್ನೇ ನಂಬಿದ ಮನೆಗೆ ಇದರಿಂದ ಏನೂ ಆಗುವುದಿಲ್ಲ. ಅಂಥ ಮನೆಯವರು ಗುಳೆ ಹೊರಟಾಗ ಮಗುವನ್ನು ಅಜ್ಜಿ ಹತ್ತಿರ ಬಿಟ್ಟು ಹೋಗಿ, ಇಲ್ಲ ಹಾಸ್ಟೆಲಿಗೆ ಸೇರಿಸಿ ಅಂತ ಮನೆಗೇ ಹೋಗಿ ಕೇಳಬೇಕು. ಜೂನ್‌ನಲ್ಲೇ ಕೇಳಬೇಕು. ಮಗ್ಗದ ಮನೆಗಳ ಕಥೆ ಬೇರೆ, ಅಲ್ಲಿ ಕೆಲಸ ವರ್ಷಪೂರ್ತಿ.

ಇನ್ನು ರಾತ್ರಿ ಓದು. ಜನವರಿಯಿಂದ ನಮ್ಮೂರ ಸಮುದಾಯ ಭವನದ ಬೀಗದ ಕೈ ನನ್ನ ಹತ್ತಿರ ಇರುತ್ತದೆ. ಮನೆಯಲ್ಲಿ ಓದುವುದು ಕಷ್ಟ. ತ್ರೀಫೇಸ್ ಕರೆಂಟ್ ರಾತ್ರಿ ಬಂದರೆ ಅಪ್ಪ ಮೋಟರ್ ಹಾಕಲು ಹೊಲಕ್ಕೆ ಹೋಗಿರುತ್ತಾರೆ. ಒಂದೇ ಕೋಣೆಯಲ್ಲಿ ಟಿವಿ, ಒಲೆ, ಹಾಸಿಗೆ ಎಲ್ಲ. ಅದಕ್ಕೆ ಏಳರಿಂದ ಒಂಬತ್ತೂವರೆವರೆಗೆ ಮಕ್ಕಳು ಇಲ್ಲಿ ಬಂದು ಕೂರುತ್ತಾರೆ. ಗಣಿತದ ಸಾರ್ ಬೈಕಿನಲ್ಲಿ ಊರೂರು ಸುತ್ತುತ್ತಾ ವಾರಕ್ಕೆರಡು ಸಲ ಬರುತ್ತಾರೆ. ದಿನಕ್ಕೊಂದು ಮನೆಯಿಂದ ಒಂದು ಪುಟ್ಟಿ ಒಗ್ಗರಣೆ ಮಂಡಕ್ಕಿ ಬರುತ್ತದೆ. ಹುಡುಗಿಯರನ್ನು ಮನೆಗೆ ಬಿಡಲು ಯಾರಾದರೂ ಅಜ್ಜಿ ಕೊನೆವರೆಗೂ ಕೂತಿರುತ್ತಾರೆ.

ಹೋದ ಸಲ ಒಂದು ಹುಡುಗಿ ಹೃದಯದ ಚಿತ್ರ ಬರೆಯುತ್ತಿದ್ದಳು. ಪಕ್ಕದಲ್ಲಿ ತಮ್ಮ ಅವಳ ಚೀಲದ ಮೇಲೆ ತಲೆ ಇಟ್ಟು ಮಲಗಿದ್ದ. ಬಲ ಹೃತ್ಕರ್ಣ, ಎಡ ಹೃತ್ಕುಕ್ಷಿ ಅಂತ ಬಾಣದ ಗುರುತು ಹಾಕಿ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ಅವಳ ಅವ್ವ ಬಗ್ಗಿ ನೋಡಿ, ಇದೇನೇ ಅಂತ ಕೇಳಿತು. 'ಗುಂಡೆ' ಅಂದಳು ಹುಡುಗಿ. ಅವ್ವ ತನ್ನ ಎದೆ ಮುಟ್ಟಿಕೊಂಡು, ಇದರೊಳಗೆ ನಾಲ್ಕು ಮನೆ ಇದಾವಾ ಅಂತು. ಹುಡುಗಿ ಆ ನಾಲ್ಕು ಮನೆಗೂ ಬೆರಳಿಟ್ಟು, ರಕ್ತ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ಪೂರ್ತಿ ತೆಲುಗಿನಲ್ಲಿ ಹೇಳಿದಳು. ಒಂದು ಕಡೆಯೂ ತಪ್ಪಲಿಲ್ಲ. ಮಾರನೆಯ ದಿನ ವಿಜ್ಞಾನದ ಮೇಡಂ ಹತ್ತಿರ ಹೋಗಿ ನಾನೇ ಇದನ್ನು ಹೇಳಿ ಬಂದೆ.

ಇನ್ನೊಂದು ವಿಷಯ, ಕೇಳಲು ಕಷ್ಟ ಆಗಬಹುದು. ನಮ್ಮ ಭಾಗದ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳು ಹಟ್ಟಿಯ ಹೊರಗೆ ಇರುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಹುಡುಗಿ ತಿಂಗಳಿಗೆ ಮೂರು ದಿನ ಕಾಣದಿದ್ದರೆ ಕ್ಲಾಸಿನಲ್ಲಿ ಎಲ್ಲರ ಮುಂದೆ ಕಾರಣ ಕೇಳಬೇಡಿ. ಹಟ್ಟಿಯ ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್ ಜೊತೆ ಹೋಗಿ ಹಿರಿಯ ಹೆಂಗಸರ ಹತ್ತಿರ ಮಾತಾಡಿ. ಹೊರಗಿನವರೊಬ್ಬರೇ ಹೋಗಿ ಬುದ್ಧಿ ಹೇಳಿದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಈ ಕೆಲಸ ಗಂಡಸರಾದ ನಮ್ಮಿಂದ ಆಗಿಲ್ಲ. ನಿಮ್ಮಿಂದ ಆಗಬಹುದು.

ಫಲಿತಾಂಶದ ಬಗ್ಗೆಯೂ ಕೇಳಿದ್ದೀರಿ. 2023ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಚಿತ್ರದುರ್ಗ ರಾಜ್ಯಕ್ಕೇ ಮೊದಲ ಜಿಲ್ಲೆ. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ಇಡೀ ರಾಜ್ಯದ ಫಲಿತಾಂಶ ಇಳಿಯಿತು, ನಾವೂ ಬಹಳ ಕೆಳಗೆ ಹೋದೆವು. ಆ ವರ್ಷ ಊರಿನಲ್ಲಿ ತುಂಬಾ ಜನಕ್ಕೆ ಬೇಜಾರಾಯಿತು. ಆದರೆ 2024ರಲ್ಲೇ ವರ್ಷಕ್ಕೆ ಮೂರು ಪರೀಕ್ಷೆಯೂ ಶುರುವಾಯಿತು. ನನಗೆ ರ‍್ಯಾಂಕಿಗಿಂತ ಇದು ದೊಡ್ಡದು. ಮೊದಲೆಲ್ಲ ಪೂರಕ ಪರೀಕ್ಷೆ ಇದ್ದರೂ ಫೇಲಾದ ಹುಡುಗ ಮಾರನೇ ವಾರವೇ ಬೆಂಗಳೂರಿನ ಬಸ್ಸು ಹತ್ತುತ್ತಿದ್ದ. ಈಗ ಅವನನ್ನು ಒಂದೆರಡು ತಿಂಗಳು ಊರಿನಲ್ಲಿ ಹಿಡಿದು ಕೂರಿಸಿದರೆ ಸಾಕು, ಎರಡನೇ ಪರೀಕ್ಷೆ ಬರೆಯಬಹುದು. ಹಿಡಿದು ಕೂರಿಸುವ ಕೆಲಸ ನಮ್ಮದು. ಭವನದ ಬಾಗಿಲನ್ನು ನಾವು ಈಗ ಮೇ ತಿಂಗಳಲ್ಲೂ ತೆಗೆಯುತ್ತೇವೆ.

ಬಂದ ಮೊದಲ ವಾರ ಬೇರೇನೂ ಮಾಡಬೇಡಿ. ಮಧ್ಯಾಹ್ನ ಬಿಸಿಯೂಟದ ಅಕ್ಕಂದಿರ ಜೊತೆ ಕೂತು ಊಟ ಮಾಡಿ. ಯಾವ ಮನೆಯಲ್ಲಿ ಯಾರಿದ್ದಾರೆ, ಯಾರು ಗುಳೆ ಹೋಗುತ್ತಾರೆ, ಯಾವ ಹುಡುಗಿಗೆ ಗಂಡು ನೋಡುತ್ತಿದ್ದಾರೆ, ಎಲ್ಲ ಅವರಿಗೆ ಗೊತ್ತಿರುತ್ತದೆ. ಅವರ ಹತ್ತಿರ ಹೋಗುವಾಗ 'ಬಾಗುನ್ನಾರಾ ಅಮ್ಮಾ', ಅಂದರೆ ಚೆನ್ನಾಗಿದ್ದೀರಾ ಅಮ್ಮ, ಅನ್ನುವಷ್ಟು ತೆಲುಗು ಕಲಿತು ಹೋಗಿ. ಉಳಿದಿದ್ದನ್ನು ಅವರೇ ಕಲಿಸುತ್ತಾರೆ.